ಬೋರಲು ಹಾಕಿದ ಚಮಚ

ಅಂಗನವಾಡಿಯ ಅಕ್ಕೋರು ನಮ್ಮನೆಯ ಜಗುಲಿಯಲ್ಲಿ ಕುಳಿತು, ನಾನು ಕೂಸಿಗೆಂದು ತಂದಿಟ್ಟಿದ್ದ ಗಂಜಿಗೆ ಚಮಚ ಅದ್ದಿ, ಎತ್ತಿ, ಬೋರಲು ಹಾಕಿದರು. ಗಂಜಿಯೆಲ್ಲ ಬಟ್ಟಲಿಗೇ ಸುರಿದುಹೋಗಿ, ಚಮಚ ತೊಳೆದಿಟ್ಟಷ್ಟು ಚೊಕ್ಕವಾಯಿತು. "ಇದರಲ್ಲಿ ಅನ್ನ ಎಲ್ಲಿದೆ ತಂಗಿ?" ಎಂದರು. ನನ್ನ ಹತ್ತಿರ ಉತ್ತರವಿರಲಿಲ್ಲ. ತಾಯಿ ಕಾರ್ಡಿನಲ್ಲಿ ಕೂಸಿನ ತೂಕದ ಗೆರೆ ಜೂನ್‌ನಿಂದ ಆಗಸ್ಟ್‌ವರೆಗೆ ಹೆಚ್ಚುಕಡಿಮೆ ಅಡ್ಡ ಮಲಗಿತ್ತು. 6.6 ಕಿಲೋ ಇದ್ದದ್ದು ಎರಡು ತಿಂಗಳಲ್ಲಿ 6.7 ಆಗಿತ್ತು, ಅಷ್ಟೇ.

ಶಿರಸಿ ಪೇಟೆಯಿಂದ ಹನ್ನೆರಡು ಕಿಲೋಮೀಟರ್ ಒಳಗಿರುವ ತೋಟದ ಮನೆ ನಮ್ಮದು. ಮಗಳು ಹುಟ್ಟಿದ್ದು ಡಿಸೆಂಬರ್ ಮೊದಲ ವಾರ, ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ. ಆರು ತಿಂಗಳು ತುಂಬುವವರೆಗೆ ಎದೆಹಾಲೊಂದೇ, ನೀರು ಕೂಡ ಬೇಡ ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ಹಾಗೆಯೇ ನಡೆದುಕೊಂಡೆ. ಮೊದಲ ಜಗ್ಗಾಟ ಬಂದದ್ದು ಅನ್ನಪ್ರಾಶನಕ್ಕೆ. ಗಂಡುಮಕ್ಕಳಿಗೆ ಸಮ ತಿಂಗಳು, ಹೆಣ್ಣುಮಕ್ಕಳಿಗೆ ಬೆಸ ತಿಂಗಳು ಎಂಬುದು ಪದ್ಧತಿ. ಮಳೆ ಹಿಡಿದರೆ ನೆಂಟರು ಬರುವುದು ಕಷ್ಟ, ಐದನೆಯ ತಿಂಗಳಲ್ಲೇ ಮುಗಿಸಿಬಿಡೋಣ ಎಂದು ಅತ್ತೆ ಹೇಳಿದರು. ಆಗಿನ್ನೂ ಕೂಸು ಒರಗಿಸಿ ಕೂರಿಸಿದರೂ ಪಕ್ಕಕ್ಕೆ ವಾಲುತ್ತಿತ್ತು, ಬಾಯಿಗೆ ಇಟ್ಟಿದ್ದನ್ನೆಲ್ಲ ನಾಲಿಗೆಯಿಂದ ಹೊರಕ್ಕೆ ದೂಡುತ್ತಿತ್ತು. ನಾನು ಪುರೋಹಿತರಿಗೇ ಫೋನ್ ಮಾಡಿದೆ. "ಏಳೂ ಬೆಸವೇ ಅಲ್ಲವೇ ತಂಗಿ?" ಎಂದು ನಕ್ಕರು. ಆರು ತುಂಬಿ ಏಳಕ್ಕೆ ಬಿದ್ದ ನಾಲ್ಕನೆಯ ದಿನ, ಸುರಿವ ಮಳೆಯಲ್ಲಿ, ಅನ್ನಪ್ರಾಶನ ಆಯಿತು. ನೆಂಟರೂ ಬಂದರು.

ಅಲ್ಲಿಂದ ಮುಂದಿನ ತಪ್ಪು ಮಾತ್ರ ನನ್ನದೇ. ಕೂಸಿಗೆ ಗಂಟಲಲ್ಲಿ ಸಿಕ್ಕಿಬಿಟ್ಟರೆ ಎಂಬ ಹೆದರಿಕೆಯಲ್ಲಿ ಗಂಜಿಯ ತಿಳಿ, ಬೇಳೆಯ ಕಟ್ಟು, ರಾಗಿ ನೆನೆಸಿ ಅರೆದು ತೆಳು ಬಟ್ಟೆಯಲ್ಲಿ ಎರಡೆರಡು ಸಲ ಸೋಸಿದ ನೀರು ಮಣ್ಣಿ, ಇವನ್ನೇ ಕೊಡುತ್ತಾ ಹೋದೆ. ಕೂಸು ಗಟಗಟ ಕುಡಿಯುತ್ತಿತ್ತು. ಬಟ್ಟಲು ಬರಿದಾಗುತ್ತಿದ್ದುದರಿಂದ ಎಲ್ಲರಿಗೂ ಸಮಾಧಾನ. ಆದರೆ ಆರರಿಂದ ಎಂಟು ತಿಂಗಳ ಮಗುವಿಗೆ ಎದೆಹಾಲಿನ ಜೊತೆಗೆ ಊಟದಿಂದ ದಿನಕ್ಕೆ ಸುಮಾರು 200 ಕ್ಯಾಲೊರಿ ಬೇಕು. ಒಂಬತ್ತು ತುಂಬಿದ ಮೇಲೆ ಸುಮಾರು 300. ಇದು ದೊಡ್ಡ ಲೆಕ್ಕವೇನಲ್ಲ, ಆದರೆ ಅಷ್ಟು ಸಣ್ಣ ಹೊಟ್ಟೆಯಲ್ಲಿ ಅದು ಹಿಡಿಯಬೇಕಲ್ಲ! ಒಂದು ಬಟ್ಟಲು ತಿಳಿಯಲ್ಲಿ ನಿಜವಾದ ಅಕ್ಕಿ ಎರಡು ಚಮಚವೂ ಇರುವುದಿಲ್ಲ. ಹೊಟ್ಟೆ ನೀರಿನಲ್ಲಿ ತುಂಬಿದ ಕೂಸು ಎದೆಹಾಲನ್ನೂ ಕಡಿಮೆ ಕುಡಿಯುತ್ತದೆ. ನಾನು ಎರಡು ತಿಂಗಳು ಮಾಡಿದ್ದು ಒಳ್ಳೆಯ ಹಾಲಿನ ಜಾಗಕ್ಕೆ ಅಕ್ಕಿ ತೊಳೆದ ನೀರನ್ನು ತುಂಬಿಸಿದ ಹಾಗೆ.

ಮರುದಿನದಿಂದ ಚಮಚವೇ ನನ್ನ ತಕ್ಕಡಿಯಾಯಿತು. ಬೋರಲು ಹಾಕಿದರೆ ಆಹಾರ ಚಮಚವನ್ನು ಹಿಡಿದುಕೊಂಡು ಒಂದು ಕ್ಷಣ ನಿಲ್ಲಬೇಕು, ಆಮೇಲೆ ಮುದ್ದೆಯಾಗಿ ಬೀಳಬೇಕು. ಮೂರು ಪಾಲು ಅಕ್ಕಿ, ಒಂದು ಪಾಲು ಹೆಸರುಬೇಳೆ. ಎರಡನ್ನೂ ಸ್ವಲ್ಪ ಹುರಿದು, ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ, ಸೌಟಿನ ಬೆನ್ನಿನಿಂದ ನುರಿಯುವುದು. ಇಳಿಸುವ ಮುನ್ನ ಸಣ್ಣಗೆ ಹೆಚ್ಚಿದ ಹರಿವೆ ಸೊಪ್ಪು, ಬಟ್ಟಲಿಗೆ ಹಾಕಿದ ಮೇಲೆ ಒಂದು ಟೀ ಚಮಚ ತುಪ್ಪ. ಆ ಒಂದು ಚಮಚ ತುಪ್ಪದಲ್ಲೇ ಸುಮಾರು 45 ಕ್ಯಾಲೊರಿ ಇದೆ. ಬಟ್ಟಲು ದೊಡ್ಡದು ಮಾಡದೆ ಊಟ ದೊಡ್ಡದು ಮಾಡುವುದಕ್ಕೆ ಇದಕ್ಕಿಂತ ಸುಲಭದ ದಾರಿ ನಮ್ಮ ಅಡುಗೆಮನೆಯಲ್ಲಿ ಇಲ್ಲ. ಉಪ್ಪಿಲ್ಲ, ಬೆಲ್ಲವಿಲ್ಲ. "ಸಪ್ಪೆಯನ್ನು ಹೇಗೆ ತಿಂದೀತು?" ಎಂದು ಮನೆಗೆ ಬಂದವರೆಲ್ಲ ಕೇಳಿದರು. ಉಪ್ಪಿನ ರುಚಿಯನ್ನೇ ನೋಡದ ಕೂಸಿಗೆ ಸಪ್ಪೆ ಎಂದರೇನೆಂದು ಗೊತ್ತಿರುತ್ತದೆಯೇ? ಅದು ತಿಂದಿತು.

ಮಿಕ್ಸಿಯನ್ನು ಮೊದಲ ತಿಂಗಳಲ್ಲಿ ಬಳಸಿದ್ದೆ, ಎಂಟನೆಯದರಲ್ಲಿ ಬಿಟ್ಟೆ. ಗಂಧದಂತೆ ನುಣ್ಣಗಾದದ್ದನ್ನೇ ಕೊಡುತ್ತಿದ್ದರೆ ಕೂಸು ಅಗಿಯುವುದನ್ನು ಕಲಿಯುವುದಿಲ್ಲ. ಹೊಸ ಪದಾರ್ಥವನ್ನು ಒಂದೊಂದಾಗಿ ಶುರು ಮಾಡಿ, ಎರಡು ಮೂರು ದಿನ ನೋಡಿ, ಮುಂದಿನದಕ್ಕೆ ಹೋಗುತ್ತಿದ್ದೆ. ಏಳರಲ್ಲಿ ದಿನಕ್ಕೆ ಎರಡು ಹೊತ್ತು, ಎಂಟರಲ್ಲಿ ಮೂರು, ಒಂಬತ್ತರ ನಂತರ ಮೂರು ಊಟ ಮತ್ತು ನಡುವೆ ಒಂದು ಬಾಳೆಹಣ್ಣು. ಎದೆಹಾಲು ಕೂಸು ಕೇಳಿದಾಗಲೆಲ್ಲ.

ರಾಗಿಯ ಕಥೆ ಬೇರೆ. ಕ್ಯಾಲ್ಸಿಯಂ ವಿಷಯದಲ್ಲಿ ಅದಕ್ಕೆ ಸಾಟಿಯಾದ ಧಾನ್ಯವಿಲ್ಲ, 100 ಗ್ರಾಂನಲ್ಲಿ 340 ಮಿಲಿಗ್ರಾಂಗಿಂತ ಹೆಚ್ಚು. ಆದರೆ ಬಟ್ಟೆಯಲ್ಲಿ ಸೋಸಿದಾಗ ಒಳ್ಳೆಯದರಲ್ಲಿ ಒಂದಷ್ಟು ಚರಟದ ಜೊತೆ ಹೊರಟುಹೋಗುತ್ತದೆ. ಹಾಗಾಗಿ ಮೊಳಕೆ ಹಿಟ್ಟಿಗೆ ಬದಲಾದೆ. ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ ಬೀಸುವುದು. ಮಳೆಗಾಲದ ಶಿರಸಿಯಲ್ಲಿ ಒಣಗಿಸುವುದು! ಮೊದಲ ಸಲದ ಹಿಟ್ಟನ್ನು ಒಲೆಯ ಪಕ್ಕದಲ್ಲಿ ಹರಡಿ, ಒಣಗಿತೆಂದು ಭಾವಿಸಿ ಡಬ್ಬಿಗೆ ತುಂಬಿದೆ. ಹತ್ತೇ ದಿನಕ್ಕೆ ಮುಚ್ಚಳ ತೆಗೆದರೆ ಮುಗ್ಗಲು ವಾಸನೆ. ಹುರಿದರೆ ಹೋಗುತ್ತದೆ ಎಂದರು ಅತ್ತೆ. ವಾಸನೆ ಹೋಗಬಹುದು, ಬೂಸ್ಟು ಬಿಟ್ಟುಹೋದ ವಿಷ ಹುರಿದರೂ ಬೇಯಿಸಿದರೂ ಹೋಗುವುದಿಲ್ಲ. ಹಸುವಿಗೆ ಹಾಕೋಣವೆಂದರೆ ಅದು ಹಾಲಿಗೂ ಇಳಿಯುತ್ತದೆ. ಎರಡು ಕಿಲೋ ಹಿಟ್ಟು ಗೊಬ್ಬರಗುಂಡಿಗೆ ಹೋಯಿತು. ಆಮೇಲೆ ಪಕ್ಕದ ಮನೆಯ ಅಡಿಕೆ ಡ್ರೈಯರಿನಲ್ಲಿ ಒಂದು ತಟ್ಟೆ ನನ್ನ ರಾಗಿಗೆ ಮೀಸಲಾಯಿತು. ಹಲ್ಲಿಗೆ ಸಿಕ್ಕರೆ ಕಟಕ್ ಎನ್ನುವಷ್ಟು ಒಣಗಿದ ಮೇಲೆಯೇ, ಹತ್ತು ದಿನಕ್ಕೆ ಸಾಲುವಷ್ಟನ್ನೇ ಬೀಸಿಕೊಳ್ಳುತ್ತಿದ್ದೆ.

ಮೊಳಕೆ ಹಿಟ್ಟಿನ ಒಂದು ಚಮತ್ಕಾರವನ್ನು ಹೇಳಲೇಬೇಕು. ಸಾದಾ ರಾಗಿ ಹಿಟ್ಟನ್ನು ಸೌಟು ತಿರುಗದಷ್ಟು ದಪ್ಪಗೆ ಬೇಯಿಸಿ, ಇಳಿಸಿ, ಸ್ವಲ್ಪ ಆರಲು ಬಿಟ್ಟು, ಒಂದು ಚಮಚ ಮೊಳಕೆ ಹಿಟ್ಟನ್ನು ಹಾಕಿ ತಿರುವಿ. ನಾಲ್ಕೈದು ನಿಮಿಷದಲ್ಲಿ ಆ ಮುದ್ದೆ ಕಣ್ಣೆದುರೇ ಸಡಿಲಾಗುತ್ತದೆ. ನೀರು ಸೇರಿಸಿಲ್ಲ, ಆದರೂ ಕೂಸು ನುಂಗುವ ಹದಕ್ಕೆ ಬರುತ್ತದೆ. ಮೊಳಕೆಯಲ್ಲಿ ಹುಟ್ಟುವ ಕಿಣ್ವ ಪಿಷ್ಟವನ್ನು ತುಂಡರಿಸುವುದರಿಂದ ಹೀಗಾಗುತ್ತದೆ. ಆಮೇಲೆ ಮತ್ತೊಮ್ಮೆ ಚೆನ್ನಾಗಿ ಕುದಿಸಬೇಕು, ಕೊನೆಗೆ ಹಾಕಿದ ಹಿಟ್ಟು ಹಸಿಯಲ್ಲವೇ? ಮೊಳಕೆ ಹಿಟ್ಟನ್ನು ಮೊದಲೇ ಕಪ್ಪಾಗುವಂತೆ ಹುರಿದುಬಿಟ್ಟರೆ ಈ ಆಟ ನಡೆಯುವುದಿಲ್ಲ. ತೆಳು ಬೇಕೆನ್ನುವ ಅತ್ತೆಗೂ ದಪ್ಪ ಬೇಕೆನ್ನುವ ಅಕ್ಕೋರಿಗೂ ಒಂದೇ ಬಟ್ಟಲಲ್ಲಿ ರಾಜಿಯಾಯಿತು.

ಬಾಳೆಕಾಯಿ ಹುಡಿಯ ಮಣ್ಣಿಯನ್ನೂ ಕೊಟ್ಟೆ. 2021ರಲ್ಲಿ ಬಾಕಾಹು ಎಂದು ಹೆಸರು ಮಾಡಿದ ಹುಡಿಯೇ ಅದು. ಕೂಸಿಗೆ ಬಹಳ ಇಷ್ಟ. ಆದರೆ ಅದರಲ್ಲಿ ಹೆಚ್ಚಿನದು ಪಿಷ್ಟವೇ, ಅದೊಂದನ್ನೇ ನೆಚ್ಚಿಕೊಂಡರೆ ಆಗದು. ಹುಟ್ಟುವಾಗ ತಂದ ಕಬ್ಬಿಣದ ದಾಸ್ತಾನು ಆರು ತಿಂಗಳ ಹೊತ್ತಿಗೆ ಮುಗಿಯುತ್ತಾ ಬರುತ್ತದೆ, ಎದೆಹಾಲಿನಲ್ಲಿ ಕಬ್ಬಿಣ ಕಡಿಮೆ. ಕುಮಟಾದ ನನ್ನ ಗೆಳತಿಯದು ಮೀನು ತಿನ್ನುವ ಮನೆ. ಅವಳು ಬೇಯಿಸಿದ ಕಾಣೆಯ ಮುಳ್ಳನ್ನು ಬೆರಳಲ್ಲೇ ತಡಕಿ ತಡಕಿ ತೆಗೆದು, ಅನ್ನದಲ್ಲಿ ಹಿಸುಕಿ ಕೊಟ್ಟಳು. ನಮ್ಮಂಥ ಸಸ್ಯಾಹಾರಿಗಳಿಗೆ ಬೇಳೆ, ಸೊಪ್ಪು, ಅದರ ಮೇಲೆ ಎರಡು ಹನಿ ಲಿಂಬೆರಸ. ಹುಳಿ ಸೇರಿದರೆ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಜೊತೆಗೆ ಆಶಾ ಕಾರ್ಯಕರ್ತೆ ಕೊಟ್ಟ ಕಬ್ಬಿಣದ ಸಿರಪ್, ವಾರಕ್ಕೆರಡು ಸಲ ಒಂದೊಂದು ಮಿಲಿ. ಕೊಟ್ಟಿಗೆಯಲ್ಲಿ ಹಸುವಿದ್ದರೂ ವರ್ಷ ತುಂಬುವ ತನಕ ಲೋಟದಲ್ಲಿ ಹಾಲು ಕುಡಿಸಲಿಲ್ಲ. ಹೊಟ್ಟೆಗೆ ಹಸುವಿನ ಹಾಲನ್ನೇ ತುಂಬಿದರೆ ಕಬ್ಬಿಣ ಇನ್ನಷ್ಟು ಇಳಿಯುತ್ತದೆ.

ಕೂಸಿನ ಬಾಯಿಗೆ ಸುರಿಯುವ ಮೂತಿಯ ಸಣ್ಣ ಪಾತ್ರೆ, ಬೆಳ್ಳಿಯ ಒಳಲೆ, ನಮ್ಮನೆಯಲ್ಲಿ ಮೂರು ತಲೆಮಾರಿನದು. ಅತ್ತೆ ಕಾಲು ಚಾಚಿ ಕೂಸನ್ನು ಅದರ ಮೇಲೆ ಮಲಗಿಸಿ, ಮೂಗು ಮೇಲೆ ಮಾಡಿ ಸುರಿಯುವುದರಲ್ಲಿ ನಿಸ್ಸೀಮರು. ಒಂದು ಮಧ್ಯಾಹ್ನ ಅಳುತ್ತಿದ್ದ ಕೂಸಿಗೆ ಹಾಗೆ ಸುರಿದಾಗ ಅದು ಕೆಮ್ಮಿ, ಮುಖ ಕೆಂಪೇರಿ, ಅರ್ಧ ನಿಮಿಷ ಎಲ್ಲರ ಜೀವ ಬಾಯಿಗೆ ಬಂತು. ನಾನು ಏನೂ ಹೇಳಲಿಲ್ಲ. ಒಳಲೆಯನ್ನು ತೊಳೆದು ದೇವರ ಕಪಾಟಿನಲ್ಲಿ ಇಟ್ಟವರು ಅತ್ತೆಯೇ. ಅಂದಿನಿಂದ ಕೂಸು ತೊಡೆಯ ಮೇಲೆ ನೆಟ್ಟಗೆ ಕುಳಿತೇ ಉಣ್ಣುತ್ತಿತ್ತು. ಬಾಯಿ ತೆರೆದರೆ ಕೊಡುವುದು, ಮುಖ ತಿರುಗಿಸಿದರೆ ಬಿಡುವುದು.

ನೀರಿನ ಬಗ್ಗೆ ಎರಡು ಮಾತು. ನಮ್ಮದು ಗುಡ್ಡದಿಂದ ಇಳಿಯುವ ಅಬ್ಬಿ ನೀರು, ಮಳೆಗಾಲದಲ್ಲಿ ಚಹಾದ ಬಣ್ಣ. ಸೋಸಿ, ಕೊತಕೊತ ಕುದಿಸಿ, ಅದೇ ಪಾತ್ರೆಯಲ್ಲಿ ಮುಚ್ಚಿಡುತ್ತಿದ್ದೆ. ಬೇಯಿಸಿದ ಊಟ ಎರಡು ಗಂಟೆಯೊಳಗೆ ಮುಗಿಯಬೇಕು, ಎಂಜಲು ಚಮಚ ಅದ್ದಿದ್ದು ಉಳಿದರೆ ನನ್ನ ಹೊಟ್ಟೆಗೆ. ಆ ವರ್ಷ ನಾನೂ ದಪ್ಪಗಾದೆ.

ಸೆಪ್ಟೆಂಬರಿನಲ್ಲಿ, ಒಂಬತ್ತು ತಿಂಗಳ ದಡಾರದ ಚುಚ್ಚುಮದ್ದಿನ ದಿನ, ತೂಕ 7.1. ಗೆರೆ ಮೇಲೆದ್ದಿತ್ತು.

ನವೆಂಬರಿನಲ್ಲಿ ಅಂಗಳ ತುಂಬ ಅಡಿಕೆ. ಅಂಬೆಗಾಲಿಕ್ಕುವ ಕೂಸು ಜಗುಲಿಯ ಮೂಲೆಯಲ್ಲಿ ಗಂಭೀರವಾಗಿ ಏನನ್ನೋ ಚೀಪುತ್ತಿತ್ತು. ತುಟಿಯ ನಡುವೆ ಅಡಿಕೆಯ ಹೋಳಿನ ತುದಿ ಕಾಣುತ್ತಿತ್ತು, ಮೆಲ್ಲನೆ ಹಿಡಿದು ತೆಗೆದೆ. ಊಟದಲ್ಲಿ ಶೇಂಗಾವನ್ನು ನುಣ್ಣಗೆ ಅರೆದು, ಕೊಬ್ಬರಿ ಚೂರನ್ನು ದೂರವಿಟ್ಟು ಇಷ್ಟೆಲ್ಲ ಎಚ್ಚರ ವಹಿಸಿದವಳಿಗೆ ಅಡಿಕೆ ಮನೆಯ ನೆಲವೇ ನೆನಪಾಗಿರಲಿಲ್ಲ. ಅಂದಿನಿಂದ ಸುಲಿಯುವ ಕೆಲಸ ಕೊಟ್ಟಿಗೆಯ ಪಕ್ಕದ ಮಾಡಿಗೆ ಹೋಯಿತು.

ಜೇನಿನ ವಿಷಯವನ್ನು ಕೊನೆಗೆ ಉಳಿಸಿಕೊಂಡಿದ್ದೇನೆ, ಏಕೆಂದರೆ ಅದು ನಿಜವಾಗಿಯೂ ಕಷ್ಟದ್ದು. ಮಾವ ನಲವತ್ತು ವರ್ಷದಿಂದ ತುಡುವೆ ಜೇನು ಸಾಕಿದವರು. ಹುಟ್ಟಿದ ಹತ್ತನೆಯ ದಿನವೇ ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸಲು ಬಟ್ಟಲು ಹಿಡಿದು ಬಂದಿದ್ದರು. ಒಂದು ವರ್ಷದೊಳಗಿನ ಮಗುವಿಗೆ ಜೇನು ಬೇಡ ಎಂದಾಗ ಅವರಿಗೆ ನೋವಾಯಿತು, ತಮ್ಮ ಜೇನಿನಲ್ಲಿ ಕಲಬೆರಕೆ ಇದೆಯೆಂದು ಹೇಳಿದಂತಾಯಿತು. ಶುದ್ಧ ಜೇನಿನಲ್ಲೂ ಬಾಟುಲಿಸಂ ಎಂಬ ಕಾಯಿಲೆ ತರುವ ರೋಗಾಣುವಿನ ಬೀಜಕಣಗಳು ಇರಬಹುದು, ದೊಡ್ಡವರ ಕರುಳು ಅವನ್ನು ತಡೆಯುತ್ತದೆ, ಕೂಸಿನ ಕರುಳಿನಲ್ಲಿ ಅವು ಮೊಳೆತು ವಿಷ ಮಾಡಿ ಸ್ನಾಯುಗಳನ್ನೇ ಸಡಿಲಗೊಳಿಸಬಹುದು, ಮನೆಯಲ್ಲಿ ಕುದಿಸಿದರೂ ಅವು ಸಾಯುವುದಿಲ್ಲ ಎಂದೆಲ್ಲ ಹೇಳಿದೆ. ಮಾವ ಕೇಳಿಸಿಕೊಂಡರು, ಒಪ್ಪಲಿಲ್ಲ, ಆದರೆ ಕೊಡಲೂ ಇಲ್ಲ. ಪೆಟ್ಟಿಗೆಯಿಂದ ತೆಗೆದ ಜೇನಿನ ಒಂದು ಸಣ್ಣ ಸೀಸೆಗೆ ಚೀಟಿ ಅಂಟಿಸಿ, ಕೂಸಿನ ಹುಟ್ಟಿದ ತಾರೀಖು ಬರೆದು, ಕೆಳಗೆ "ಮುಂದಿನ ವರ್ಷ" ಎಂದು ಸೇರಿಸಿ ಕಪಾಟಿನಲ್ಲಿ ಇಟ್ಟರು.

ಹುಟ್ಟುಹಬ್ಬದ ಮರುದಿನ ಬೆಳಿಗ್ಗೆ ಆ ಸೀಸೆ ಹೊರಬಂತು. ಬೆರಳ ತುದಿಯಲ್ಲಿ ಒಂದು ಹನಿ. ಕೂಸು ನೆಕ್ಕಿ, ಹುಬ್ಬು ಗಂಟಿಕ್ಕಿ, ಮಾವನ ತಟ್ಟೆಯಲ್ಲಿದ್ದ ತೆಳ್ಳೇವು ದೋಸೆಗೆ ಕೈ ಹಾಕಿತು.