ರಾ ಪ್ರಾಂತ್ಯದ ಹಳ್ಳಿಯಲ್ಲಿ ಚರ್ಚಿನ ಅತಿಥಿಯಾಗಿ

ಫಿಜಿಯಲ್ಲಿ ವಿಮಾನ ಇಳಿದು ನಾಂದಿ ಪೇಟೆಗೆ ಬಂದ ನಮ್ಮ ತಂಡ ಮೊಟ್ಟಮೊದಲು ಕೊಂಡದ್ದು ಕವಾ ಬೇರು. ಪುಡಿಯಲ್ಲ, ಉದ್ದುದ್ದ ಒಣ ಬೇರಿನ ಕಟ್ಟು, ಅರ್ಧ ಕಿಲೋ. ಅಂಗಡಿಯವನು ಅದನ್ನು ದಿನಪತ್ರಿಕೆಯಲ್ಲಿ ಸುತ್ತಿ ಬಣ್ಣದ ರಿಬ್ಬನ್ ಬಿಗಿದುಕೊಟ್ಟ. ಆಕ್ಲೆಂಡಿನ ನಮ್ಮ ಕ್ರೈಸ್ತ ಸಭೆಯ ಕೆಲವರಿಗೆ ಇದು ಮೊದಲಿನಿಂದಲೂ ಒಪ್ಪಿಗೆಯಾಗಿರಲಿಲ್ಲ. ಸುವಾರ್ತೆಯ ಸೇವೆಗೆ ಹೊರಟವರು ಮಂಪರು ತರಿಸುವ ಬೇರನ್ನು ಹೊತ್ತುಕೊಂಡು ಹೋಗುವುದೇ ಎಂದು ಕೇಳಿದರು. ನಮ್ಮನ್ನು ಕರೆದದ್ದೇ ಅಲ್ಲಿನ ಮೆಥಡಿಸ್ಟ್ ಸಭೆ, ಅವರ ಊರಿಗೆ ಕಾಲಿಡುವ ಕ್ರಮವೇ ಇದು ಎಂದು ಸಭಾಪಾಲಕರು ತಿಳಿಹೇಳಿದ ಮೇಲೆ ಆ ಮಾತು ನಿಂತಿತು.

ನಾನು ಉಡುಪಿಯ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಮನೆತನದವನು. ಆಕ್ಲೆಂಡಿನಲ್ಲಿ ಕಟ್ಟಡಗಳ ನೀರಿನ ಕೊಳವೆ ಕೆಲಸ ನೋಡುವ ಎಂಜಿನಿಯರ್. ನಾವು ಹೋದ ಹಳ್ಳಿ ವಿತಿ ಲೆವು ದ್ವೀಪದ ಉತ್ತರ ಭಾಗದ ರಾ ಪ್ರಾಂತ್ಯದಲ್ಲಿ, ರಾಕಿರಾಕಿ ಪಟ್ಟಣದಿಂದ ಒಳಕ್ಕೆ ಇದೆ. 2016ರ ಫೆಬ್ರವರಿ 20ರಂದು ಅಪ್ಪಳಿಸಿದ ವಿನ್‌ಸ್ಟನ್ ಚಂಡಮಾರುತ ದೇಶದಲ್ಲಿ 44 ಜನರನ್ನು ಬಲಿ ತೆಗೆದುಕೊಂಡಿತು. ಹೆಚ್ಚು ಪೆಟ್ಟು ತಿಂದ ಕಡೆಗಳಲ್ಲಿ ರಾ ಕೂಡ ಒಂದು. ಈ ಹಳ್ಳಿಯ ಚರ್ಚಿನ ಸಭಾಂಗಣಕ್ಕೆ ಹೊಸ ತಗಡಿನ ಚಾವಣಿ ಬಂದಿತ್ತು, ಅದರಿಂದ ಬೀಳುವ ಮಳೆನೀರು ಮಾತ್ರ ಸುಮ್ಮನೆ ಹರಿದುಹೋಗುತ್ತಿತ್ತು. ನಮ್ಮ ಕೆಲಸ ಆ ನೀರನ್ನು ಹಿಡಿಯುವುದು.

ಹಳ್ಳಿಯ ಅಂಚಿನಲ್ಲಿ ವಾಹನದಿಂದ ಇಳಿದೊಡನೆ ಟೋಪಿ, ತಂಪು ಕನ್ನಡಕ ತೆಗೆದೆವು, ಬೆನ್ನಿನ ಚೀಲವನ್ನು ಕೈಗೆ ಇಳಿಸಿಕೊಂಡೆವು, ಎಲ್ಲರೂ ಸುಲು ಸುತ್ತಿಕೊಂಡೆವು. ಪಂಚೆ ಉಟ್ಟು ಬೆಳೆದವನಿಗೆ ಸುಲು ಕಷ್ಟವಲ್ಲ. ಊರಿನ ಆಡಳಿತ ನೋಡುವ ತುರಂಗಾ ನಿ ಕೋರೋ ನಮ್ಮನ್ನು ಹಿರಿಯರ ಮನೆಗೆ ಕರೆದೊಯ್ದರು. ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತೆವು. ನಮ್ಮ ಪರವಾಗಿ ಮಾತನಾಡಲು ಒಬ್ಬ ಸ್ಥಳೀಯರನ್ನು ಮೊದಲೇ ಗೊತ್ತುಮಾಡಿಕೊಂಡಿದ್ದೆವು. ಅವರು ಬೇರಿನ ಕಟ್ಟನ್ನು ಮುಂದಿಟ್ಟು, ನಾವು ಯಾರು, ಯಾವ ಸಭೆಯವರು, ಏಕೆ ಬಂದೆವು ಎಂದು ತಗ್ಗಿದ ದನಿಯಲ್ಲಿ ನಿವೇದಿಸಿದರು. ಆ ಕಡೆಯವರೊಬ್ಬರು ಕಟ್ಟನ್ನು ಮುಟ್ಟಿ ಸ್ವೀಕರಿಸಿ ಉತ್ತರ ಕೊಟ್ಟರು. ಇದೇ ಸೆವುಸೆವು. ಆ ಗಳಿಗೆಯಿಂದ ನಮ್ಮ ಊಟ, ನಿದ್ದೆ, ಕಾಯಿಲೆ ಎಲ್ಲವೂ ಊರಿನ ಹೊಣೆ. ಇಂಥ ಪ್ರವಾಸಕ್ಕೆ ಹೊರಡುವವರು ಈ ಭಾಗವನ್ನು ಬೇಗ ಮುಗಿಸಿ ಕೆಲಸಕ್ಕೆ ಇಳಿಯೋಣ ಎಂದುಕೊಂಡರೆ ಹೋಗದಿರುವುದೇ ಲೇಸು.

ಕುಟ್ಟಿದ ಬೇರನ್ನು ನೀರಿನಲ್ಲಿ ಬಟ್ಟೆಯಿಂದ ಹಿಂಡಿ ತಾನೋವಾ ಎಂಬ ಮರದ ಬೋಗುಣಿಯಲ್ಲಿ ತುಂಬುತ್ತಾರೆ. ನೋಡಲು ಕೆಸರು ನೀರು, ರುಚಿಯಲ್ಲಿ ಮಣ್ಣು ಬೆರೆತ ಕಷಾಯ. ತೆಂಗಿನ ಚಿಪ್ಪು ನಮ್ಮೆದುರು ಬಂದಾಗ ಬೊಗಸೆಯಾಗಿಸಿದ ಅಂಗೈಗಳಿಂದ ಒಮ್ಮೆ ಚಪ್ಪಾಳೆ ತಟ್ಟಿ, ‘ಬುಲಾ’ ಎಂದು ಒಂದೇ ಗುಟುಕಿಗೆ ಕುಡಿದು, ಮತ್ತೆ ಮೂರು ಚಪ್ಪಾಳೆ. ನಾಲಗೆ, ತುಟಿ ಜೋಮು ಹಿಡಿಯುತ್ತವೆ. ಕುಡಿಯದ ನಮ್ಮ ಇಬ್ಬರ ವಿಷಯವನ್ನು ಮೊದಲೇ ತಿಳಿಸಿದ್ದರಿಂದ ಅವರನ್ನು ಯಾರೂ ಒತ್ತಾಯಿಸಲಿಲ್ಲ. ಫಿಜಿಯಲ್ಲಿಯೇ ಅಡ್ವೆಂಟಿಸ್ಟ್ ಎಂಬ ಕ್ರೈಸ್ತ ಪಂಗಡದಂಥವರು ಕವಾ ಮುಟ್ಟುವುದಿಲ್ಲ.

ಅಲ್ಲಿ ನನ್ನ ಮೈಬಣ್ಣದ ವಿಷಯವೂ ಇತ್ತು. ಊರಿನ ಹೊರಗೆ ಕಬ್ಬಿನ ಗದ್ದೆಗಳು, ಕಬ್ಬು ಬೆಳೆಯುವವರಲ್ಲಿ ಬಹಳ ಮಂದಿ ಭಾರತೀಯ ಮೂಲದವರು. 1879ರಿಂದ 1916ರವರೆಗೆ ಅರವತ್ತು ಸಾವಿರಕ್ಕೂ ಹೆಚ್ಚು ಜನರನ್ನು ಗಿರ್ಮಿಟ್ ಎಂಬ ಕೂಲಿ ಕರಾರಿನ ಮೇಲೆ ಭಾರತದಿಂದ ಹಡಗು ಹತ್ತಿಸಿ ತಂದರು. 1903ರಿಂದ ಮದ್ರಾಸಿನ ಹಡಗುಗಳೂ ಬಂದವು. ಹಾಗಾಗಿ ಊರಿನವರು ನನ್ನನ್ನು ಕಂಡೊಡನೆ ಫಿಜಿ ಹಿಂದಿಯಲ್ಲಿ ‘ಕೈಸೆ’ ಎಂದರು. ನನ್ನ ಹಿಂದಿ ಸಿನಿಮಾ ನೋಡಿ ಕಲಿತದ್ದು. ಬಡಗಿ ಕೆಲಸದ ಯುವಕನೊಬ್ಬನ ಹಿಂದಿ ನನ್ನದಕ್ಕಿಂತ ಎಷ್ಟೋ ಸಲೀಸು. ಭಾರತೀಯ, ಆದರೆ ಕ್ರೈಸ್ತ, ಅದೂ ಗಿರ್ಮಿಟ್ ವಂಶದವನಲ್ಲ ಎಂಬ ಲೆಕ್ಕ ಕೂಡಿಸಲು ಅವರಿಗೆ ಒಂದು ಸಂಜೆ ಬೇಕಾಯಿತು.

ನಮ್ಮ ಆತಿಥೇಯ ಮನೆಯ ಅಜ್ಜಿಯನ್ನು ಎಲ್ಲರಂತೆ ನಾನೂ ‘ಬುಬು’ ಎಂದೇ ಕರೆಯುತ್ತಿದ್ದೆ. ಅವರೇ ಮಾತು ತೆಗೆದರು. ಭಾರತೀಯರ ಬೆಂಬಲದ ಸರ್ಕಾರವನ್ನು ಬೀಳಿಸಿದ 1987ರ ಮೇ 14ರ ಸೇನಾ ಕ್ಷಿಪ್ರಕ್ರಾಂತಿ, ಆಮೇಲೆ ಭಾರತೀಯರು ದೇಶ ಬಿಟ್ಟುಹೋದದ್ದು, ಅವರ ಚರ್ಚಿನ ದೊಡ್ಡವರು ಯಾವ ಪಕ್ಷ ಹಿಡಿದರು ಎಂಬುದು. 2023ರ ಮೇನಲ್ಲಿ, ಗಿರ್ಮಿಟ್ ದಿನದ ಸಂದರ್ಭದಲ್ಲಿ, ಮೆಥಡಿಸ್ಟ್ ಚರ್ಚು ಭಾರತೀಯರ ಕ್ಷಮೆ ಕೇಳಿತು. ಆ ಕ್ರಾಂತಿ ನಡೆಸಿದ ರಂಬುಕಾ ಅವರೇ ಆಗ ಪ್ರಧಾನಿ, ಅವರೂ ಕೇಳಿದರು. ‘ಅಂಗಡಿಯ ಸೇಠನ ಮಗಳು ನನ್ನ ಜೊತೆ ಶಾಲೆಗೆ ಹೋದವಳು, ಈಗ ಕೆನಡಾದಲ್ಲಿದ್ದಾಳೆ’ ಎಂದು ಹೇಳಿ ಬುಬು ನನ್ನ ತಟ್ಟೆಗೆ ಇನ್ನೊಂದು ತುಂಡು ಕೆಸುವಿನ ಗೆಡ್ಡೆ ಹಾಕಿದರು. ನಾನು ಉತ್ತರ ಕೊಡಲು ಹೋಗಲಿಲ್ಲ. ಕ್ಷಮಿಸುವ ಹಕ್ಕು ನನ್ನದಲ್ಲವಲ್ಲ.

ಊಟದ ಮಾತಿಗೆ ಬಂದೆ, ಮುಗಿಸಿಯೇ ಬಿಡುತ್ತೇನೆ. ಕೆಸುವಿನ ಗೆಡ್ಡೆಗೆ ಅಲ್ಲಿ ದಾಲೋ ಎನ್ನುತ್ತಾರೆ. ಅದು, ಮರಗೆಣಸು, ಮೀನು, ತೆಂಗಿನ ಹಾಲಿನಲ್ಲಿ ಬೆಂದ ಕೆಸುವಿನ ಎಲೆ. ಪತ್ರೊಡೆ ತಿಂದು ಬೆಳೆದ ನನಗೆ ಆ ಎಲೆ ಗಂಟಲು ಕೆರೆಯದಂತೆ ಬೇಯಿಸುವ ಕಷ್ಟ ಗೊತ್ತು, ಬುಬು ಸೌದೆ ಒಲೆಯ ಮೇಲೆ ಅದನ್ನು ಬೆಣ್ಣೆಯಂತೆ ಕರಗಿಸುತ್ತಿದ್ದರು. ಅತಿಥಿಗಳು ಮೊದಲು ಉಣ್ಣಬೇಕು, ಮನೆಯ ಹೆಂಗಸರು, ಮಕ್ಕಳು ನಂತರ. ಆದ್ದರಿಂದ ಪಾತ್ರೆಯ ತಳ ಕಾಣುವ ತನಕ ಬಡಿಸಿಕೊಳ್ಳಬಾರದು. ಅಕ್ಕಿ, ಮೈದಾ, ಸಕ್ಕರೆ, ಚಹಾಪುಡಿ, ಡಬ್ಬಿ ಮೀನು, ಸೋಪುಗಳನ್ನು ಪಟ್ಟಣದಿಂದಲೇ ಕೊಂಡೊಯ್ದು ಮೊದಲ ದಿನವೇ ಮನೆಯೊಡತಿಯ ಕೈಗೆ ಕೊಟ್ಟೆವು. ಮನೆಯಲ್ಲಿ ಯಾವ ವಸ್ತುವನ್ನೂ ಅತಿಯಾಗಿ ಹೊಗಳಲಿಲ್ಲ, ಹೊಗಳಿದರೆ ಅದನ್ನೇ ಕಟ್ಟಿಕೊಡುತ್ತಾರೆ. ಮಕ್ಕಳ ತಲೆ ಸವರುವ ನಮ್ಮ ಅಭ್ಯಾಸವನ್ನೂ ಬಿಡಬೇಕು, ಅಲ್ಲಿ ತಲೆ ಮುಟ್ಟಬಾರದ್ದು. 1867ರಲ್ಲಿ ಇದೇ ದ್ವೀಪದ ನಡುನಾಡಿನ ಬೆಟ್ಟಗಳಲ್ಲಿ ಥಾಮಸ್ ಬೇಕರ್ ಎಂಬ ಮಿಷನರಿಯನ್ನು ಕೊಂದರು. ಬೇಕರ್ ಊರೊಡೆಯನ ತಲೆಯಿಂದ ಬಾಚಣಿಗೆ ಕಿತ್ತುಕೊಂಡದ್ದೇ ಕಾರಣ ಎಂದು ಜನರ ಬಾಯಲ್ಲಿದೆ. 2003ರಲ್ಲಿ ಆ ಊರಿನವರು ಬೇಕರ್ ವಂಶಸ್ಥರನ್ನು ಕರೆಸಿ ಕ್ಷಮೆ ಕೇಳಿದರು. ಕೇಳಬೇಕಾದ ಕ್ಷಮೆಯನ್ನು ಬಾಕಿ ಉಳಿಸಿಕೊಳ್ಳದ ಜನ.

ಇನ್ನು ನೀರಿನ ಕೆಲಸ. ಟ್ಯಾಂಕ್ ಎಲ್ಲಿ ಕೂರಬೇಕು ಎಂಬುದನ್ನು ನಾವು ಹೇಳುವುದಿಲ್ಲ ಎಂದು ಮೊದಲೇ ನಿರ್ಧರಿಸಿದ್ದೆವು. ಊರಿನ ಸಭೆ ಸೇರಿತು, ಹೆಂಗಸರ ಅಡುಗೆಮನೆಯ ಪಕ್ಕ ಎಂದು ತೀರ್ಮಾನವಾಯಿತು. ಸಭಾಂಗಣದ ಚಾವಣಿ 15 ಮೀಟರ್ ಉದ್ದ, 8 ಮೀಟರ್ ಅಗಲ, ಅಂದರೆ 120 ಚದರ ಮೀಟರ್. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 50 ಮಿಲಿಮೀಟರ್ ಮಳೆಗೆ 6000 ಲೀಟರ್, ಸೋರಿಕೆ ಮತ್ತು ಸಿಡಿತ ಕಳೆದು ನೂರಕ್ಕೆ ಎಂಬತ್ತು ಪಾಲು ಹಿಡಿದರೂ 4800. ಹೀಗಾಗಿ 5000 ಲೀಟರಿನ ಪ್ಲಾಸ್ಟಿಕ್ ಟ್ಯಾಂಕ್. ತುಂಬಿದಾಗ ಐದು ಟನ್ ತೂಗುವ ವಸ್ತು, ಆದ್ದರಿಂದ ಅಡಿಪಾಯಕ್ಕೆ ಕಂಜೂಸುತನ ಸಲ್ಲದು. ಮಣ್ಣು ದಮ್ಮಸ್ಸು ಮಾಡಿ, ಜಲ್ಲಿ ಹರಡಿ, ಕಂಬಿ ಕಟ್ಟಿ ಕಾಂಕ್ರೀಟ್ ಹಾಕಿದೆವು. ಕಾಂಕ್ರೀಟ್ ಕಲಸಿದ್ದು ಊರಿನ ಹುಡುಗರು, ಅವರ ಹುರುಪಿಗೆ ನಮ್ಮ ತಂಡದ ಅರ್ಧ ಜನ ಬದಿಗೆ ಸರಿದು ನಿಲ್ಲಬೇಕಾಯಿತು.

ಚಾವಣಿಯ ಅಂಚಿನ ದೋಣಿ ಕೊಳವೆಗೆ ಹತ್ತು ಮೀಟರಿಗೆ ಐದು ಸೆಂಟಿಮೀಟರ್ ಇಳಿಜಾರು ಕೊಟ್ಟೆ. ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಮೊದಲ ಮಳೆನೀರನ್ನು ಬೇರ್ಪಡಿಸುವ ಭಾಗ. ಹಕ್ಕಿ ಹಿಕ್ಕೆ, ಧೂಳು, ಎಲೆಯ ರಸ ಬಹುಪಾಲು ಮೊದಲ ಅರ್ಧ ಮಿಲಿಮೀಟರ್ ಮಳೆಯಲ್ಲೇ ಇಳಿಯುತ್ತವೆ, ಆ ಚಾವಣಿಗೆ ಅದು 60 ಲೀಟರ್. ಎರಡೂ ಬದಿಗೆ 150 ಮಿಲಿಮೀಟರ್ ವ್ಯಾಸದ 1.7 ಮೀಟರ್ ಕೊಳವೆಯನ್ನು ನೆಟ್ಟಗೆ ನಿಲ್ಲಿಸಿದರೆ ಒಂದೊಂದರಲ್ಲಿ 30 ಲೀಟರ್ ನಿಲ್ಲುತ್ತದೆ. ಅದು ತುಂಬಿದಾಗ ಒಳಗಿನ ಚೆಂಡು ತೇಲಿ ಬಾಯಿ ಮುಚ್ಚುತ್ತದೆ, ನಂತರದ ನೀರು ಟ್ಯಾಂಕಿಗೆ. ತಳದಲ್ಲಿ ಸಣ್ಣ ರಂಧ್ರ, ಮುಂದಿನ ಮಳೆಗೆ ಕೊಳವೆ ತಾನೇ ಖಾಲಿಯಾಗಲಿ ಎಂದು. ಹೆಚ್ಚುವರಿ ನೀರು ಹೋಗುವ ಬಾಯಿಗೆ ಸೊಳ್ಳೆಪರದೆಯ ಜಾಲರಿ ಕಡ್ಡಾಯ, ಫಿಜಿಯಲ್ಲಿ ಡೆಂಗಿ ಇದೆ. ಟೈಫಾಯ್ಡ್ ಕೂಡ ಇರುವುದರಿಂದ ಕುಡಿಯುವ ನೀರನ್ನು ಕುದಿಸಿಯೇ ಕುಡಿಯಬೇಕು ಎಂದು ಹೆಂಗಸರ ಸಂಘದಲ್ಲಿ ಹೇಳಿಸಿದೆವು, ಹೇಳಿದ್ದು ಊರಿನ ದಾದಿಯೇ.

ಉಪಕರಣಗಳ ಬಗ್ಗೆ ಒಂದು ಮಾತು. ಹಳೆಯ ಸಲಿಕೆ, ಬೂಟುಗಳಿಗೆ ಮಣ್ಣು ಅಂಟಿದ್ದರೆ ಹೋಗುವಾಗ ಫಿಜಿಯಲ್ಲೂ ಬರುವಾಗ ನ್ಯೂಜಿಲೆಂಡಿನಲ್ಲೂ ಜೈವಿಕ ಭದ್ರತೆಯವರು ತಡೆಯುತ್ತಾರೆ. ಎಲ್ಲವನ್ನೂ ತಿಕ್ಕಿ ತೊಳೆದು ಘೋಷಿಸಿಯೇ ಒಯ್ದೆವು. ಕೊಳವೆ, ತಿರುಪುಮೊಳೆ, ಸಿಮೆಂಟ್ ಅಲ್ಲೇ ಕೊಂಡರೆ ಕೆಟ್ಟಾಗ ಅದೇ ಭಾಗ ಅಲ್ಲೇ ಸಿಗುತ್ತದೆ.

ಶನಿವಾರ ಸಂಜೆಗೆ ಸಲಿಕೆಗಳು ಗೋಡೆ ಸೇರಿದವು. ಭಾನುವಾರ ಮರದ ದಿಮ್ಮಿ ಕೊರೆದು ಮಾಡಿದ ಲಾಲಿ ಎಂಬ ನಗಾರಿ ಬಡಿದೊಡನೆ ಊರು ಬಿಳಿ ಅಂಗಿ, ಟೈ, ಸುಲು ತೊಟ್ಟು ಹೊರಟಿತು. ಮುಂದಿನ ಬೆಂಚುಗಳಲ್ಲಿ ಮಕ್ಕಳು, ಅವರ ಪಕ್ಕ ಉದ್ದ ಕೋಲು ಹಿಡಿದ ಹಿರಿಯರೊಬ್ಬರು. ನಿದ್ದೆ ತೂಗಿದವನ ಭುಜಕ್ಕೆ ಕೋಲಿನ ತುದಿ ತಾಗುತ್ತದೆ. ಗಾಯನಕ್ಕೆ ವಾದ್ಯವೇ ಇಲ್ಲ. ಗಂಡಸರ ಮಂದ್ರದ ಮೇಲೆ ಹೆಂಗಸರ ಸ್ವರ ಏರಿದಾಗ ತಗಡಿನ ಚಾವಣಿ ಝುಮ್ಮೆನ್ನುತ್ತದೆ, ಅದು ಅತಿಶಯೋಕ್ತಿಯಲ್ಲ, ಕಂಬಕ್ಕೆ ಕೈಯಿಟ್ಟು ನೋಡಿದ್ದೇನೆ. ಮಿಷನರಿಗಳಾದ ಕ್ರಾಸ್ ಮತ್ತು ಕಾರ್ಗಿಲ್ ಲಕೆಂಬಾ ದ್ವೀಪದಲ್ಲಿ ಇಳಿದದ್ದು 1835ರಲ್ಲಿ, ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದ ಮರುವರ್ಷ. ಕ್ರಾಸ್ ಮತ್ತು ಕಾರ್ಗಿಲರನ್ನು ಕಳುಹಿಸಿದ ವೆಸ್ಲಿಯನ್ (ಮೆಥಡಿಸ್ಟ್) ಮಿಷನ್ನೇ ಮೈಸೂರು ಸೀಮೆಯಲ್ಲೂ ಶಾಲೆ, ಅಚ್ಚುಕೂಟ ನಡೆಸಿದ್ದು. ಇಷ್ಟು ಹಳೆಯ ಸಭೆಗೆ ಹೊರಗಿನವರು ಹೋಗಿ ಬೋಧಿಸುವುದಕ್ಕೆ ಏನು ಉಳಿದಿದೆ ಎಂಬುದು ನನ್ನ ಅಭಿಪ್ರಾಯ. ನಮ್ಮ ತಂಡದ ಒಬ್ಬರು ತಮ್ಮ ವಿಶ್ವಾಸದ ಸಾಕ್ಷಿ ಹೇಳಿದರು, ಸಾಕಾಯಿತು.

ನಮ್ಮ ಕಾಣಿಕೆಯನ್ನೂ ಊರಿನವರ ಸೋಲಿಯ ಜೊತೆಗೇ ಕೊಟ್ಟೆವು. ಸೋಲಿ ಎಂದರೆ ಚರ್ಚಿಗೆ ಒಟ್ಟಾಗಿ ಎತ್ತುವ ಹಣ. ಖಜಾಂಚಿ ಎಲ್ಲರ ಮುಂದೆ ಎಣಿಸಿ ಮೊತ್ತವನ್ನು ಗಟ್ಟಿಯಾಗಿ ಓದುತ್ತಾರೆ. ಯಾರ ಕೈಗೂ ಗುಟ್ಟಾಗಿ ನೋಟು ತುರುಕಬೇಡಿ ಎಂದು ತಂಡಕ್ಕೆ ಖಡಾಖಂಡಿತ ಹೇಳಿದ್ದೆ. ನೆಂಟರಲ್ಲಿ ಬೇಕಾದ್ದನ್ನು ಕೇಳಿ ಪಡೆಯುವುದು ಅಲ್ಲಿ ಸಹಜ. ಅತಿಥಿಯೊಬ್ಬ ಒಂದು ಮನೆಗೆ ಮಾತ್ರ ಕೊಟ್ಟರೆ ಉಳಿದ ಮನೆಗಳ ನಡುವೆ ಆಡಿಕೊಳ್ಳಲು ವಿಷಯವಾಗುತ್ತದೆ.

ಮರುವರ್ಷ ಶಾಲೆಗೂ ಒಂದು ಟ್ಯಾಂಕ್ ಬೇಕೆಂದು ಊರಿನವರು ತೀರ್ಮಾನಿಸಿದರು. ನಾವು ಬರಬೇಕೇ ಎಂದು ಕೇಳಿದೆ. ಬೇಡ, ಹುಡುಗರೇ ಮಾಡುತ್ತಾರೆ, ಚೆಂಡಿನ ಕೊಳವೆಯ ಅಳತೆ ಮಾತ್ರ ಕಳುಹಿಸಿ ಎಂದು ಸಭೆಯ ಸೇವಕರು ಉತ್ತರಿಸಿದರು. ನಕ್ಷೆ ಬರೆದು ಫೋಟೋ ತೆಗೆದು ಅಂದೇ ಕಳುಹಿಸಿದೆ.