ಹಳೆಯ ಪಂಪ್ ಆ್ಯಕ್ಷನ್ ರೈಫಲ್ ಕೊಳ್ಳುವ ಮುನ್ನ

ಮೊದಲಿಗೆ ಚೇಂಬರ್ (ನಳಿಗೆಯ ಹಿಂತುದಿಯಲ್ಲಿ ತೋಟೆ ಕೂರುವ ಜಾಗ) ಮತ್ತು ಮ್ಯಾಗಜೀನ್ (ಉಳಿದ ತೋಟೆಗಳನ್ನು ತುಂಬಿಡುವ ಭಾಗ) ಎರಡೂ ಖಾಲಿಯಾಗಿವೆಯೆಂದು ಖಚಿತಪಡಿಸಿಕೊಳ್ಳಿ. ಹೊರಗಿನ ಹೊಳಪಿಗಿಂತ ನಳಿಗೆಯ ಒಳಮೈ ಮುಖ್ಯ. ಎಣ್ಣೆಯನ್ನು ಬಟ್ಟೆಯಿಂದ ಒರೆಸಿ ಬೆಳಕಿಗೆ ಹಿಡಿದಾಗ ಸುರುಳಿ ಗೆರೆಗಳು ಸ್ಪಷ್ಟವಾಗಿ ಕಾಣಬೇಕು, ತುಕ್ಕು ತಿಂದ ಗುಳಿಗಳಿರಬಾರದು, ನಳಿಗೆಯ ಬಾಯಿಯ ಅಂಚು ಸವೆದಿರಬಾರದು. 1912ರಲ್ಲಿ ಬಂದ ರೆಮಿಂಗ್ಟನ್ ಮಾಡೆಲ್ 14ರಲ್ಲಿ, ಒಂದು ತೋಟೆಯ ಚೂಪು ಮೂತಿ ಅದರ ಮುಂದಿರುವ ತೋಟೆಯ ಹಿಂಬದಿಯಲ್ಲಿರುವ, ಪೆಟ್ಟು ಬಿದ್ದರೆ ಸಿಡಿಯುವ ಪ್ರೈಮರ್‌ಗೆ ತಾಗದಂತೆ ಮ್ಯಾಗಜೀನ್ ಕೊಳವೆಯನ್ನೇ ಸುರುಳಿಯಾಗಿ ರೂಪಿಸಿರುವುದರಿಂದ, ಅದರ ಮೇಲಿನ ತಗ್ಗು ಸಣ್ಣದೆಂದು ಕಡೆಗಣಿಸುವಂತಿಲ್ಲ. ಪಂಪಿನಂತೆ ಎಳೆದು ತೋಟೆ ತುಂಬಿಸುವ ಮುಂಭಾಗದ ಹಿಡಿಯನ್ನು ನಿಧಾನವಾಗಿ ಹಿಂದಕ್ಕೂ ಮುಂದಕ್ಕೂ ಸರಿಸಿದಾಗ ಅದು ಎಲ್ಲಿಯೂ ಕಚ್ಚಿಕೊಳ್ಳದೆ ಸಾಗಿ, ಕೊನೆಯಲ್ಲಿ ಚೇಂಬರನ್ನು ಹಿಂದಿನಿಂದ ಮುಚ್ಚುವ ಬೋಲ್ಟ್ ಗಟ್ಟಿಯಾಗಿ ಲಾಕ್ ಆಗಬೇಕು. ಹಿಡಿಯಲ್ಲಿ ತುಸು ಸಡಿಲಿಕೆ ಈ ಬಗೆಯ ರೈಫಲ್‌ಗಳಲ್ಲಿ ಸಹಜವೇ. ತಿರುಪುಗಳ ತಲೆ ಕಿತ್ತುಬಂದಿದ್ದರೆ ಅನನುಭವಿಗಳು ಬಿಚ್ಚಿರುವ ಸಂಭವ ಹೆಚ್ಚು. ಹೆಡ್‌ಸ್ಪೇಸನ್ನು (ಮುಚ್ಚಿದ ಬೋಲ್ಟಿಗೂ ಚೇಂಬರಿನಲ್ಲಿ ತೋಟೆ ತಡೆದು ನಿಲ್ಲುವ ಜಾಗಕ್ಕೂ ನಡುವಿನ ಅಂತರ) ನುರಿತ ಗನ್‌ಸ್ಮಿತ್ ಗೇಜಿನಿಂದ ಪರೀಕ್ಷಿಸುವವರೆಗೆ ಗುಂಡು ಹಾರಿಸಬೇಡಿ.