ಒಂಟಿ ಬಾಸ್ ಎರಡೇ ಸುತ್ತಿಗೆ ಸಾಯುತ್ತಿದ್ದ: ಸರಿಯಾಗಿದ್ದು ಹೀಗೆ

ನಾವು ಆಡುವುದು ಪಾತ್ರ ವಹಿಸಿ, ಡೈಸ್ ಉರುಳಿಸಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 5ನೇ ಆವೃತ್ತಿ. ನಾಲ್ವರು ಆಟಗಾರರು, ನಾನು ಗೇಮ್ ಮಾಸ್ಟರ್, ಅಂದರೆ ಕಥೆಯನ್ನೂ ರಾಕ್ಷಸರನ್ನೂ ನಡೆಸುವವನು. ಬಾಸ್ ಆಗಿ ದೊಡ್ಡ ರಾಕ್ಷಸನನ್ನು ಒಬ್ಬನನ್ನೇ ಇಳಿಸಿದಾಗಲೆಲ್ಲ ಕಾಳಗ ಎರಡೇ ಸುತ್ತಿಗೆ ಮುಗಿಯುತ್ತಿತ್ತು.

ಅವನ ಹಿಟ್ ಪಾಯಿಂಟ್ (ಸಾಯುವ ಮುನ್ನ ತಡೆಯಬಲ್ಲ ಪೆಟ್ಟಿನ ಲೆಕ್ಕ) ದುಪ್ಪಟ್ಟು ಮಾಡಿದೆ. ಕಾಳಗ ಉದ್ದವಾಯಿತು, ಅಷ್ಟೇ. ಎಲ್ಲರೂ ನಿಂತಲ್ಲೇ ನಿಂತು ಡೈಸ್ ಉರುಳಿಸಿದರು. ಅವನ ಆರ್ಮರ್ ಕ್ಲಾಸ್, ಅಂದರೆ ಏಟು ತಾಗಲು ಮುಟ್ಟಬೇಕಾದ ಸಂಖ್ಯೆ, 17ರಿಂದ 20ಕ್ಕೆ ಏರಿಸಿದೆ. ಹೊಡೆತಗಳು ಸುಮ್ನೆ ಹುಸಿಹೋದವು. ಅವನ ಏಟಿನ ಡ್ಯಾಮೇಜ್ ಜಾಸ್ತಿ ಮಾಡಿದ್ದು ಇನ್ನೂ ಕೆಟ್ಟದ್ದು: ಆಟಗಾರರ ಕಡೆಯ ಮಾಂತ್ರಿಕ ಒಂದೇ ಏಟಿಗೆ ಬಿದ್ದ.

ತೊಂದರೆ ಇದ್ದದ್ದು ಸರದಿಯ ಲೆಕ್ಕದಲ್ಲಿ. ಒಂದು ಸುತ್ತಿಗೆ ಆಟಗಾರರಿಗೆ ನಾಲ್ಕು ಸರದಿ, ರಾಕ್ಷಸನಿಗೆ ಒಂದು. ಸೋಲಲೇಬೇಕಲ್ವಾ?

ಮೊದಲು ಅವನ ಸರದಿ ಒಡೆದೆ. ಇನಿಶಿಯೇಟಿವ್ (ಸರದಿಯ ಕ್ರಮ ಹೇಳುವ ಸಂಖ್ಯೆ, ದೊಡ್ಡದು ಮೊದಲು) ಉರುಳಿಸದೆ 20ಕ್ಕೆ ಒಮ್ಮೆ, 10ಕ್ಕೆ ಇನ್ನೊಮ್ಮೆ ಸರದಿ ಕೊಟ್ಟೆ. ಒಂದೇ ಸರದಿಯಲ್ಲಿದ್ದ ಎರಡು ಹೊಡೆತಗಳನ್ನು ಎರಡಕ್ಕೂ ಒಂದೊಂದರಂತೆ ಹಂಚಿದೆ. ಹಾಗಾಗಿ ಅವನ ಒಟ್ಟು ಡ್ಯಾಮೇಜ್ ಬದಲಾಗಲಿಲ್ಲ. ಅವನ ಮೇಲಿನ ಮಂತ್ರದ ಪರಿಣಾಮಗಳ ಲೆಕ್ಕ ಮಾತ್ರ 10ರ ಸರದಿಯ ಕೊನೆಯಲ್ಲಿ. ಇದನ್ನು ಮರೆತರೆ ಮಂತ್ರಗಳು ಅರ್ಧಕ್ಕೇ ಕಳಚಿಕೊಳ್ಳುತ್ತವೆ.

ಆಮೇಲೆ ಒಂದೇ ಏಟಿಗೆ ಸಾಯುವ ನಾಲ್ಕು ಬಂಟರನ್ನು ಸೇರಿಸಿದೆ. ಅವರೆಲ್ಲರ ಸರದಿಯೂ ಒಟ್ಟಿಗೆ, 15ಕ್ಕೆ.

ಕೊನೆಗೆ ಜಾಗ. ಆಟಗಾರರನ್ನು ರಾಕ್ಷಸನಿಂದ 40 ಅಡಿ, ಅಂದರೆ ನಕ್ಷೆಯ 8 ಚೌಕ ದೂರದಲ್ಲಿ ನಿಲ್ಲಿಸಿದೆ. ಒಂದು ಸರದಿಗೆ ಅವರ ನಡಿಗೆ 30 ಅಡಿ, ಹಾಗಾಗಿ ಡ್ಯಾಶ್ ಮಾಡದೆ (ಹೊಡೆಯುವುದು ಬಿಟ್ಟು ಓಡದೆ) ಮೊದಲ ಸರದಿಗೆ ಮೈಮೇಲೆ ಬೀಳಲಾರರು. ಬಂಟರು ಬಾಗಿಲು ಮುಚ್ಚುವ ರಾಟೆ ತಿರುಗಿಸುತ್ತಿದ್ದಾರೆ. ತಡೆಯದಿದ್ದರೆ ಮೂರನೇ ಸುತ್ತಿನ ಕೊನೆಗೆ ಬಾಗಿಲು ಮುಚ್ಚುತ್ತದೆ. ಇದನ್ನು ಆಟಗಾರರಿಗೆ ಮೊದಲೇ ಬಾಯಿಬಿಟ್ಟು ಹೇಳಿ.

ಮುಂದಿನ ಕಾಳಗ ಐದು ಸುತ್ತು ನಡೆಯಿತು. ಅದೇ ರಾಕ್ಷಸ, ಹಳೆಯ ಹಿಟ್ ಪಾಯಿಂಟ್.